ಸೋಗೆಕಟ್ಟೆ ತಿರುವು ಮತ್ತು ಚಿಕ್ಕತಾಯಮ್ಮನ ಹುರುಳಿ

ಕಾದ ಡಾಂಬರಿನ ವಾಸನೆ ಮೂಗಿಗೆ ಬಡಿದರೆ ಸಾಕು, ನಾನು ಇವತ್ತಿಗೂ ಕಾರು ನಿಲ್ಲಿಸಿ ಇಳಿದುಬಿಡುತ್ತೇನೆ. ಮೊನ್ನೆ ಬಿಳಿಕೆರೆ ಹತ್ತಿರ ಹೀಗೇ ಆಯಿತು. ರಸ್ತೆಯ ಅರ್ಧಕ್ಕೆ ಹೊಸ ಡಾಂಬರು ಹಾಕುತ್ತಿದ್ದರು. ದೊಡ್ಡದೊಂದು ಯಂತ್ರ ಗುರುಗುಟ್ಟುತ್ತ ಕಪ್ಪು ಹಾಸನ್ನು ಬಿಚ್ಚಿಕೊಂಡು ಹೋಗುತ್ತಿತ್ತು, ಹಿಂದೆ ರೋಲರು ಬರುತ್ತಿತ್ತು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತ ನಿಂತಿದ್ದಾಗ ಹೆಲ್ಮೆಟ್ ಹಾಕಿದ್ದ ಇಂಜಿನಿಯರ್ ಹುಡುಗಿಯೊಬ್ಬಳು ಓಡಿ ಬಂದು, "ಆಂಟಿ, ಇಲ್ಲಿ ನಿಲ್ಲಬೇಡಿ, ಕಾಲು ಸುಡುತ್ತೆ" ಎಂದಳು. "ಸುಡಲಿ ಬಿಡಮ್ಮ, ಈ ಕಾಲಿಗೆ ಅಭ್ಯಾಸ ಇದೆ" ಎಂದೆ. ಆಮೇಲೆ ನಾನೂ ರಸ್ತೆ ಇಲಾಖೆಯಲ್ಲಿದ್ದ ಹಳೇ ಇಂಜಿನಿಯರ್ ಎನ್ನುವುದು ಗೊತ್ತಾಗಿ ಆ ಮಗು ಹೆಲ್ಮೆಟ್ ತೆಗೆದು, "ಮೇಡಂ, ನಾನು ಈಗಷ್ಟೇ ಸೇರಿದ್ದೀನಿ. ಕೆಲಸ ನಿಜವಾಗಲೂ ಹೇಗಿರುತ್ತೆ ಹೇಳಿ" ಎಂದು ಕೇಳಿತು. ಆ ಗದ್ದಲದಲ್ಲಿ ಹೇಳಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಬಡ್ತಿ, ಪದವಿ, ಸನ್ಮಾನಗಳ ಸುದ್ದಿ ಇದರಲ್ಲಿ ಸಿಗುವುದಿಲ್ಲ. ಅವೆಲ್ಲ ಸೇವಾ ಪುಸ್ತಕದಲ್ಲಿ ಹಾಯಾಗಿ ಮಲಗಿವೆ.

ಮೊದಲು ನನ್ನ ರಸ್ತೆಯ ಪರಿಚಯ. ಕೆ.ಆರ್. ನಗರದಲ್ಲಿ ಕಾವೇರಿಯ ಗಾಳಿ ಕುಡಿದು ಹೊರಡುವ ರಸ್ತೆ ಇದು. ಅಲ್ಲಿ ಎರಡೂ ಕಡೆ ನಾಲೆ ನೀರು, ಭತ್ತ, ಕಬ್ಬು. ನೆಲ ಎಷ್ಟು ಮೆತ್ತಗೆ ಎಂದರೆ ಎಷ್ಟು ಜಲ್ಲಿ ಸುರಿದರೂ ನುಂಗಿಕೊಂಡು ಇನ್ನೂ ತಾ ಎನ್ನುತ್ತದೆ. ಹುಣಸೂರು ಹತ್ತಿರವಾದಂತೆ ಮಣ್ಣು ಕೆಂಪಾಗಿ, ತಂಬಾಕಿನ ಹೊಲಗಳೂ ಎಲೆ ಹದ ಮಾಡುವ ಎತ್ತರದ ಬ್ಯಾರನ್ನುಗಳೂ ಕಾಣಿಸಿಕೊಳ್ಳುತ್ತವೆ. ಲಕ್ಷ್ಮಣತೀರ್ಥ ದಾಟಿ, ಹುಣಸೂರು ಪೇಟೆಯ ಗಲಾಟೆಯಲ್ಲಿ ನುಸುಳಿ, ದಕ್ಷಿಣಕ್ಕೆ ಹೊರಳಿದರೆ ರಾಗಿ, ಹುರುಳಿ, ಹತ್ತಿಯ ಬೆದ್ದಲು ಹೊಲಗಳು. ಕೊನೆಗೆ ಎಚ್.ಡಿ. ಕೋಟೆ. ಅದರಾಚೆ ಕಬಿನಿಯ ಹಿನ್ನೀರು, ಕಾಡು, ಕೇರಳ. ಒಂದು ನದಿಯ ದಡದಲ್ಲಿ ಹುಟ್ಟಿ, ಇನ್ನೊಂದನ್ನು ದಾಟಿ, ಮೂರನೆಯದನ್ನು ಮುಟ್ಟಲು ಹೋಗುವ ಇಂಥ ರಸ್ತೆ ಇನ್ನೆಲ್ಲಿದೆ ತೋರಿಸಿ ನೋಡೋಣ!

ಹಳಬರು ಹೇಳುತ್ತಿದ್ದ ಪ್ರಕಾರ ಇದು ಮೊದಲು ಬರೀ ಗಾಡಿ ಜಾಡು. ಕೋಟೆ ಕಾಡಿನ ಮರ ಹೊತ್ತ ಎತ್ತಿನ ಗಾಡಿಗಳು ಸಾಲುಗಟ್ಟಿ ಹುಣಸೂರಿನ ಮರದ ಡಿಪೋಗಳಿಗೆ ಬರುತ್ತಿದ್ದವಂತೆ. ಆಮೇಲೆ ಯಾರೋ ಜಲ್ಲಿ ಹಾಕಿದರು, ಇನ್ಯಾರೋ ಡಾಂಬರು ಬಳಿದರು. ನಾನು ಕೆಲಸಕ್ಕೆ ಸೇರಿದಾಗ ಅದು ಜಿಲ್ಲಾ ರಸ್ತೆ. ಒಂದು ಬಸ್ಸು ಎದುರಿಗೆ ಬಂದರೆ ಇನ್ನೊಂದು ಬಸ್ಸು ಮಣ್ಣಿಗಿಳಿದು ಮರ್ಯಾದೆ ಕೊಡಬೇಕಾಗಿತ್ತು.

ನನ್ನೂರು ಪಿರಿಯಾಪಟ್ಟಣ. ಅಪ್ಪ ತಂಬಾಕಿನ ಬ್ಯಾರನ್ನುಗಳಿಗೆ ಸೌದೆ ಮಾರುತ್ತಿದ್ದರು. ಸೌದೆ ಲಾರಿಯ ಮುಂದಿನ ಸೀಟಿನಲ್ಲಿ ಕುಳಿತು ಊರೂರು ತಿರುಗಿಯೇ ನನಗೆ ರಸ್ತೆಯ ಹುಚ್ಚು ಹಿಡಿದದ್ದು. ಇಂಜಿನಿಯರಿಂಗ್ ಮುಗಿಸಿ ಇಲಾಖೆಯ ಆದೇಶ ಕೈಗೆ ಬಂದ ದಿನ ಅಮ್ಮ ಹಣೆಗೆ ವಿಭೂತಿ ಇಟ್ಟು, "ಬಿಸಿಲಿಗೆ ಜಾಸ್ತಿ ಹೋಗ್ಬೇಡ ಕಣೇ ಗಿರಿಜಾ, ಮೈ ಕಪ್ಪಾದ್ರೆ ಗಂಡು ಸಿಗೋದು ಕಷ್ಟ" ಎಂದಳು. ಗಂಡೂ ಸಿಕ್ಕಿತು, ಮೈಯೂ ಕಪ್ಪಾಯಿತು. ಎರಡರಿಂದಲೂ ನನಗೇನೂ ತೊಂದರೆಯಾಗಲಿಲ್ಲ.

ನಮ್ಮ ದೊಡ್ಡ ಸಾಹೇಬರ ಹೆಸರು ರಂಗಸ್ವಾಮಿ. ಮೀಸೆ ದಪ್ಪ, ದನಿ ಅದಕ್ಕಿಂತ ದಪ್ಪ. ಅವರು ಬೈದರೆ ಹೊರಗೆ ಜೀಪಿನಲ್ಲಿ ಮಲಗಿದ್ದ ಡ್ರೈವರ್ ಎದ್ದು ಕೂರುತ್ತಿದ್ದ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೆಣ್ಮಗಳು ನೀನು. ಆಫೀಸಲ್ಲೇ ಕೂತು ಎಸ್ಟಿಮೇಟ್ ಬರಿ. ಸೈಟಲ್ಲಿ ಧೂಳು, ಬಿಸಿಲು, ಬೈಗುಳ" ಎಂದರು. "ಧೂಳು, ಬಿಸಿಲು ನಮ್ಮನೆ ಅಂಗಳದಲ್ಲೂ ಇದೆ ಸಾರ್. ಬೈಗುಳ ನಾನು ಕಲ್ಕೋತೀನಿ" ಎಂದೆ. ಅವರ ಮೀಸೆ ಒಂದು ಸಲ ಅಲುಗಿತು. "ಹೋಗು ಹಾಗಾದ್ರೆ, ಬಾಷಾ ಸಾಬಿಯ ರೋಲರ್ ಹತ್ರ ನಿಂತ್ಕೋ. ಸಾಯಂಕಾಲ ಅಳ್ತಾ ಬಂದ್ರೆ ನಾನು ಜವಾಬ್ದಾರ ಅಲ್ಲ" ಎಂದರು.

ಆ ಮೊದಲ ದಿನ ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಈಗಿನ ಹಾಗೆ ಯಂತ್ರದಿಂದ ಬೆಂದು ಬರುವ ಮಿಶ್ರಣ ಆಗ ಇರಲಿಲ್ಲ. ರಸ್ತೆ ಬದಿಯಲ್ಲೇ ಸೌದೆ ಒಲೆ, ಅದರ ಮೇಲೆ ಡಾಂಬರಿನ ಪೀಪಾಯಿ. ಕಾಲಿಗೆ ಗೋಣಿಚೀಲ ಸುತ್ತಿಕೊಂಡ ಕೆಲಸದವರು ತೂತಿನ ಕ್ಯಾನಿನಲ್ಲಿ ಡಾಂಬರು ಚಿಮುಕಿಸುತ್ತ ಹೋಗುತ್ತಿದ್ದರು. ಹೆಂಗಸರು ಬಾಂಡ್ಲಿಯಲ್ಲಿ ಜಲ್ಲಿ ಎರಚುತ್ತಿದ್ದರು. ನಾನು ಗತ್ತಿನಿಂದ ಹೊಸ ಚಪ್ಪಲಿ ಮೆಟ್ಟಿಕೊಂಡು ನಡುಮಧ್ಯೆ ಹೋಗಿ ನಿಂತೆ. ತೆಗೆಯಲು ಹೋದರೆ ಕಾಲು ಬಂತು, ಚಪ್ಪಲಿ ಬರಲಿಲ್ಲ. ಕೆಲಸದ ಹೆಂಗಸರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

ರೋಲರ್ ಓಡಿಸುತ್ತಿದ್ದ ಬಾಷಾ ಸಾಬರು ವಯಸ್ಸಾದವರು. ಬರಿಗಾಲಲ್ಲಿ ಕುಣಿಯುತ್ತಿದ್ದ ನನ್ನನ್ನು ನೋಡಿ, "ಮೇಲೆ ಹತ್ತು ಬೇಟಿ, ಇಲ್ಲಿ ತಣ್ಣಗಿದೆ" ಎಂದರು. ಹತ್ತಿದೆ. ಆ ಎತ್ತರ, ಆ ನಡುಕ, ಕೆಳಗೆ ಜಲ್ಲಿ ಕಟಕಟ ಎಂದು ಕೂರುವ ಸದ್ದು! ಆನೆ ಮೇಲೆ ಕೂತ ಮಹಾರಾಣಿಗೂ ಅಷ್ಟು ಜಂಬ ಇದ್ದಿರಲಾರದು. "ಒಂದ್ ಸಲ ನಾನು ಓಡಿಸ್ಲಾ?" ಎಂದು ಪೀಡಿಸಿ ಸ್ಟೇರಿಂಗ್ ಹಿಡಿದೆ. ಹಿಡಿದವಳು ನೇರ ಕೊಂಡೊಯ್ದು ಕಿಲೋಮೀಟರ್ ಕಲ್ಲಿಗೆ ಗುದ್ದಿದೆ. ಕಲ್ಲು ಅಂಗಾತ ಮಲಗಿತು. ಗಾಬರಿಯಲ್ಲಿ ಎಲ್ಲರೂ ಸೇರಿ ಎತ್ತಿ ನಿಲ್ಲಿಸಿದೆವು, ಆದರೆ ಮುಖ ತಿರುಗಿಸಿ ನಿಲ್ಲಿಸಿದ್ದೆವು. ಕೋಟೆಗೆ ಹೊರಟವರಿಗೆಲ್ಲ ಆ ಕಲ್ಲು ಹುಣಸೂರಿನ ದೂರ ಹೇಳುತ್ತಿತ್ತು. ಎಷ್ಟೋ ದಿನದ ಮೇಲೆ ಸಾಹೇಬರೇ ಅದನ್ನು ಕಂಡುಹಿಡಿದರು. ಅವತ್ತು ಜೀಪಿನ ಡ್ರೈವರ್ ಎದ್ದು ಕೂತದ್ದಷ್ಟೇ ಅಲ್ಲ, ಇಳಿದು ಹೊರಗೇ ನಿಂತ.

ಅಳತೆಯ ಕೆಲಸವೂ ಆಗ ಬೇರೆ. ನೀವೀಗ ಮುಕ್ಕಾಲಿಯ ಮೇಲೊಂದು ಯಂತ್ರ ನಿಲ್ಲಿಸಿ ಗುಂಡಿ ಒತ್ತುತ್ತೀರಿ. ನಾವು ಕಬ್ಬಿಣದ ಸರಪಳಿ ಎಳೆದುಕೊಂಡು ಮೈಲಿಗಟ್ಟಲೆ ನಡೆಯುತ್ತಿದ್ದೆವು. ವೀರನಹೊಸಹಳ್ಳಿ ಕಡೆಯ ಕೂಡುರಸ್ತೆ ಅಳೆಯುವಾಗ ಪೊದೆಯಾಚೆ ಆನೆ ಘೀಳಿಟ್ಟಿತು. ಸರಪಳಿಯ ಆ ತುದಿ ಹಿಡಿದಿದ್ದವನು ಎಲ್ಲಿಗೆ ಓಡಿದನೋ ತಿಳಿಯದು. ಈ ತುದಿಯಲ್ಲಿದ್ದ ನಾನು ಸೀರೆ ಎತ್ತಿಕಟ್ಟಿ ಓಡಿದ ಓಟಕ್ಕೆ ಕಾಲೇಜಿನಲ್ಲಾಗಿದ್ದರೆ ಪದಕ ಸಿಗುತ್ತಿತ್ತು. ಆಮೇಲೆ ಬಂದು ನೋಡಿದರೆ ಸರಪಳಿ ಮರದ ಕೊಂಬೆಯ ಮೇಲೆ ನೇತಾಡುತ್ತಿತ್ತು. ಆನೆ ಅಳತೆ ಸರಿಯಿಲ್ಲ ಎಂದು ಎಸೆದಿರಬೇಕು ಎಂದು ಬಾಷಾ ಸಾಬರು ಊರೆಲ್ಲ ಹೇಳಿಕೊಂಡು ಬಂದರು.

ಈಗ ಸೋಗೆಕಟ್ಟೆಗೆ ಬರೋಣ. ನನ್ನ ಕೆಲಸದ ಬದುಕಿನ ಮುಕ್ಕಾಲು ಜಗಳ, ಮುಕ್ಕಾಲು ಸಂತೋಷ ಎರಡೂ ಅಲ್ಲೇ ಇವೆ.

ಹುಣಸೂರಿನಿಂದ ಕೋಟೆಗೆ ಹೋಗುವ ದಾರಿಯಲ್ಲಿ ಸೋಗೆಕಟ್ಟೆ ಎಂಬ ಸಣ್ಣ ಊರು. ನೆಟ್ಟಗೆ ಬರುತ್ತಿದ್ದ ರಸ್ತೆ ಅಲ್ಲಿ ಇದ್ದಕ್ಕಿದ್ದಂತೆ ಎಡಕ್ಕೆ ಬಾಗಿ, ಕಟ್ಟೆಯ ಏರಿಯನ್ನು ಬಳಸಿ, ಮತ್ತೆ ಬಂದು ನೇರವಾಗುತ್ತಿತ್ತು. "ಈ ರಸ್ತೆ ಹಾಕಿದವನು ಕುಡಿದಿದ್ನಾ?" ಎಂದು ಸಾಹೇಬರು ಪ್ರತಿ ಸಲವೂ ಗೊಣಗುತ್ತಿದ್ದರು. ಆ ತಿರುವಿನಲ್ಲಿ ಬಿಸಿಲು ಚೆನ್ನಾಗಿ ಬೀಳುತ್ತಿತ್ತು, ನೆಲ ಗಟ್ಟಿ, ಬಸ್ಸು ಲಾರಿಗಳು ತಾವಾಗಿಯೇ ನಿಧಾನವಾಗುತ್ತಿದ್ದವು. ಹಾಗಾಗಿ ಸುಗ್ಗಿಯಲ್ಲಿ ಇಡೀ ಊರು ಕಿತ್ತು ತಂದ ಹುರುಳಿ ಗಿಡವನ್ನು ಅಲ್ಲಿ ಹರಡುತ್ತಿತ್ತು. ಓಡಾಡುವ ಗಾಡಿಗಳ ಚಕ್ರ ಹರಿದು ಹರಿದು ಕಾಯಿ ಒಡೆದು ಕಾಳು ಉದುರುತ್ತಿತ್ತು. ಎತ್ತು ಬೇಡ, ಉರುಳಿಸುವ ಕಲ್ಲುಗುಂಡು ಬೇಡ, ಸಗಣಿ ಸಾರಿಸುವ ಕೆಲಸ ಬೇಡ. ಸರ್ಕಾರವೇ ಹಾಕಿಕೊಟ್ಟ ಕಣ.

ನಾನು ಮೊದಲ ಸಲ ಅದನ್ನು ಕಂಡಾಗ ಉರಿದುಹೋದೆ. ಕೈಯಲ್ಲಿ ಕೆಂಪು ಬಾವುಟ ಹಿಡಿದು, "ಯಾರ್ರೀ ಇದು ಹಾಕಿರೋದು? ತೆಗೀರಿ!" ಎಂದು ಕೂಗಿದೆ. ಮೊರ ಹಿಡಿದು ಕಾಳು ತೂರುತ್ತಿದ್ದ ಗಟ್ಟಿಮುಟ್ಟಾದ ಹೆಂಗಸೊಬ್ಬಳು ಸಾವಕಾಶವಾಗಿ ತಿರುಗಿದಳು. ಅವಳೇ ಚಿಕ್ಕತಾಯಮ್ಮ. ಗಂಡ ತೀರಿಕೊಂಡಿದ್ದ, ಮಗಳನ್ನು ಹಂಪಾಪುರಕ್ಕೆ ಮದುವೆ ಮಾಡಿಕೊಟ್ಟಿದ್ದಳು, ತಿರುವಿನ ಮಗ್ಗುಲಲ್ಲೇ ಇದ್ದ ಹೊಲವನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದಳು.

"ಯಾಕವ್ವ ಅಂಗ್ ಬಡ್ಕತೀರಿ? ರಸ್ತೆ ಸವೀತದಾ?" ಎಂದಳು.

"ಇದು ಸರ್ಕಾರಿ ರಸ್ತೆ ಕಣಮ್ಮ, ನಿನ್ನ ಕಣ ಅಲ್ಲ!"

"ಗಾಡಿ ಓಗಕೆ ತಾನೇ ರಸ್ತೆ ಮಾಡಿರದು? ಓಗ್ಲಿ ಬುಡಿ. ಓಯ್ತಾ ಓಯ್ತಾ ನಮ್ ಉಳ್ಳಿ ಮ್ಯಾಲೆ ಓಗ್ಲಿ. ನಿಮ್ಗೇನ್ ನಷ್ಟ?"

ಹುರುಳಿಗೆ ಅವರ ಬಾಯಲ್ಲಿ ಉಳ್ಳಿ. ನಾನು ಇನ್ನೂ ಜೋರಾಗಿ ಕೂಗಿದೆ. ಅವಳು ಅದಕ್ಕೂ ಜಗ್ಗದೆ, "ಈ ರಸ್ತೆ ಡೊಂಕಾಗಿರದು ಯಾಕೆ ಗೊತ್ತಾ? ಗಾಡಿ ಎತ್ತುಗೋಳು ಕಟ್ಟೇಲಿ ನೀರ್ ಕುಡೀಲಿ ಅಂತ ನಮ್ ತಾತದೀರು ಇಂಗೆ ಬಳಸ್ಕಂಡ್ ಓಯ್ತಿದ್ರು. ಎತ್ತು ಓದ್ವು, ಡೊಂಕು ಉಳ್ಕತು. ನಾವೂ ಉಳ್ಕಂಡಿವಿ" ಎಂದು ಮೊರ ಕೊಡವಿದಳು. ಸಾಹೇಬರ ಪ್ರಶ್ನೆಗೆ ಹೀಗೆ ಉತ್ತರ ಸಿಕ್ಕಿತು. ಆಫೀಸಿಗೆ ಹೋಗಿ ಹೇಳಿದರೆ ಅವರು, "ಎತ್ತುಗಳು ಕುಡಿದಿದ್ದವು ಅಂತ ಆಯ್ತು" ಎಂದರು.

ಪ್ರತಿ ಸುಗ್ಗಿಯಲ್ಲೂ ನಮ್ಮಿಬ್ಬರ ಯುದ್ಧ ನಡೆಯಿತು. ನಾನು ಬಾವುಟ ಹಿಡಿದು ಬರುವುದು, ಅವಳು ಮೊರ ಹಿಡಿದು ನಿಲ್ಲುವುದು. ಜೀಪು ಮರೆಯಾದೊಡನೆ ಮತ್ತೆ ಹುರುಳಿ ರಸ್ತೆಗೆ ಬೀಳುವುದು. ಬಿಸಿಲಲ್ಲಿ ಕೂಗಿ ಕೂಗಿ ನನ್ನ ಗಂಟಲು ಒಣಗಿದರೆ ಮಜ್ಜಿಗೆ ತಂದು ಕೊಡುತ್ತಿದ್ದವಳೂ ಅವಳೇ. "ಕುಡ್ದು ಆಮೇಲ್ ಬಯ್ಯವ್ವ" ಎನ್ನುತ್ತಿದ್ದಳು.

ಒಂದು ವರ್ಷ ಆ ತಿರುವಿಗೆ ಹೊಸ ಡಾಂಬರು ಹಾಕಿಸಿದೆ. ಎಂಥ ಕೆಲಸ ಅದು! ಕನ್ನಡಿ ಹಾಗೆ ಮಾಡಿದ್ದೆವು. ಬಾಷಾ ಸಾಬರು ರೋಲರಿನಿಂದ ಇಳಿದು ಅಂಗೈಯಲ್ಲಿ ಸವರಿ ನೋಡಿದರು. ಮುಂದಿನ ವಾರ ಸಾಹೇಬರ ತಪಾಸಣೆ ಇತ್ತು. ಆದರೆ ಸೋಗೆಕಟ್ಟೆಯವರಿಗೂ ಆ ರಸ್ತೆ ಕಂಡು ಸಂತೋಷ ತಡೆಯಲಾಗಲಿಲ್ಲ. ಇಷ್ಟು ನುಣ್ಣನೆಯ ಕಣ ಅವರ ತಾತಂದಿರೂ ಕಂಡಿರಲಿಲ್ಲ. ನಾವು ಊಟಕ್ಕೆ ಹೋಗಿದ್ದ ಹೊತ್ತಿನಲ್ಲಿ ಇಡೀ ಊರಿನ ಹುರುಳಿ ತಂದು, ಇನ್ನೂ ಆರದ ಡಾಂಬರಿನ ಮೇಲೆ ಹರಡಿಬಿಟ್ಟರು. ಮೇಲೆ ನಡು ಮಧ್ಯಾಹ್ನದ ಬಿಸಿಲು, ಅದರ ಮೇಲೆ ಮರ ತುಂಬಿದ ಒಂದು ಲಾರಿ. ಕಾಳು, ಕಾಯಿ, ಕಡ್ಡಿ ಎಲ್ಲ ರಸ್ತೆಗೆ ಮೆತ್ತಿಕೊಂಡವು. ನಾವು ಬಂದು ನೋಡುವಾಗ ಊರಿಗೆ ಊರೇ ಕುಕ್ಕರಗಾಲಲ್ಲಿ ಕೂತು ಉಗುರಿನಿಂದ ಹುರುಳಿ ಕೀಳುತ್ತಿತ್ತು. ಚಿಕ್ಕತಾಯಮ್ಮನ ಮೊಣಕೈವರೆಗೂ ಡಾಂಬರು.

"ಅಯ್ಯೋ ನನ್ನ ರಸ್ತೆ!" ಎಂದು ನಾನು ಕಿರುಚಿದೆ. "ಅಯ್ಯೋ ನನ್ ಉಳ್ಳಿ!" ಎಂದು ಅವಳು ಕಿರುಚಿದಳು. ಒಬ್ಬರ ಮುಖ ಒಬ್ಬರು ನೋಡಿಕೊಂಡು ಇಬ್ಬರೂ ನಕ್ಕುಬಿಟ್ಟೆವು. ಜಗಳವಾಡುವ ಶಕ್ತಿಯೇ ಉಳಿದಿರಲಿಲ್ಲ. ಆ ವಾರ ಅಕಾಲದಲ್ಲಿ ಮಳೆ ಬೇರೆ ಬಂತು. ರಸ್ತೆಯ ಅಂಚಿನ ಸಂದಿಯಲ್ಲೆಲ್ಲ ಹುರುಳಿ ಮೊಳಕೆಯೊಡೆದು ಎರಡೆಲೆ ಬಿಟ್ಟಿತು. ತಪಾಸಣೆಗೆ ಬಂದ ಸಾಹೇಬರು ಬಗ್ಗಿ ಅದನ್ನು ನೋಡಿ, "ಗಿರಿಜಾ, ಇದಕ್ಕೆ ಗೊಬ್ಬರ ಯಾವಾಗ ಹಾಕ್ತೀಯ?" ಎಂದು ಕೇಳಿದರು.

ಆದರೆ ಅದೇ ಸಾಹೇಬರಿಗೆ ಹುರುಳಿ ಇನ್ನೊಂದು ಪಾಠ ಇಟ್ಟುಕೊಂಡಿತ್ತು. ಮುಂದಿನ ಸುಗ್ಗಿಯಲ್ಲಿ ನಾವಿಬ್ಬರೂ ಕೋಟೆಯಿಂದ ಬರುತ್ತಿದ್ದಾಗ, ತಿರುವಿನಲ್ಲಿ ಮೊಣಕಾಲೆತ್ತರ ಹುರುಳಿ ಹರಡಿತ್ತು. "ನಿಲ್ಲಿಸಬೇಡ, ನುಗ್ಗಿಸು" ಎಂದರು ಸಾಹೇಬರು ಡ್ರೈವರಿಗೆ. ನುಗ್ಗಿಸಿದ. ಬಳ್ಳಿ ಬಳ್ಳಿ ಹಂಬು ಜೀಪಿನ ಅಡಿಯ ತಿರುಗುವ ಕಂಬಿಗೆ ಸುತ್ತಿಕೊಂಡು, ಕಾದ ಸೈಲೆನ್ಸರಿಗೆ ತಾಗಿ ಹೊಗೆ ಬಂತು. ನೋಡನೋಡುತ್ತಿದ್ದಂತೆ ಬೆಂಕಿ! ನಾವು ಹೊರಕ್ಕೆ ನೆಗೆದೆವು. ಸಾಹೇಬರ ಪಂಚೆಯಂಥ ಅಗಲ ಪ್ಯಾಂಟು ಬಾಗಿಲಿಗೆ ಸಿಕ್ಕಿ ಅವರು ಅರ್ಧ ಹೊರಗೆ, ಅರ್ಧ ಒಳಗೆ. ಚಿಕ್ಕತಾಯಮ್ಮ ಬಿಂದಿಗೆ ಹಿಡಿದು ಓಡಿ ಬಂದವಳೇ ಅವರ ರಟ್ಟೆ ಹಿಡಿದು ಹೊರಕ್ಕೆಳೆದು, ಬಿಂದಿಗೆ ನೀರನ್ನು ಜೀಪಿನ ಅಡಿಗೆ ಎರಚಿದಳು. ಊರವರು ಕಟ್ಟೆಯಿಂದ ಕೊಡಗಟ್ಟಲೆ ನೀರು ತಂದು ಸುರಿದು ಬೆಂಕಿ ಆರಿಸಿದರು. ಸಾಹೇಬರು ತಿರುವಿನ ಕಲ್ಲಿನ ಮೇಲೆ ಕುಸಿದು ಕೂತರು. ಅವಳು ಅವರಿಗೂ ಮಜ್ಜಿಗೆ ಕೊಟ್ಟಳು.

ಇದನ್ನೆಲ್ಲ ನಗುನಗುತ್ತ ಬರೆಯುತ್ತಿದ್ದೇನೆ. ಆದರೆ ಅದಾದ ಎರಡು ವರ್ಷಕ್ಕೆ ನಡೆದದ್ದು ನಗುವ ವಿಷಯವಲ್ಲ. ಚಿಕ್ಕತಾಯಮ್ಮನ ಮಗಳು, ಅಳಿಯ ಹಂಪಾಪುರದಿಂದ ಬೈಕಿನಲ್ಲಿ ಬರುತ್ತಿದ್ದರು. ಅತ್ತೆಯ ಮನೆ ಕಾಣುತ್ತಿರುವಾಗಲೇ, ಅತ್ತೆಯೇ ಹರಡಿದ್ದ ಹುರುಳಿಯ ಮೇಲೆ ಬೈಕು ಜಾರಿತು. ಮಗಳಿಗೆ ತರಚಿದ ಗಾಯ. ಅಳಿಯನ ಕಾಲು ಎರಡು ಕಡೆ ಮುರಿಯಿತು. ವಿಷಯ ತಿಳಿದು ನಾನು ಆಸ್ಪತ್ರೆಗೆ ಹೋದಾಗ ಚಿಕ್ಕತಾಯಮ್ಮ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಅವಳ ಸೆರಗಿನಲ್ಲಿ ಇನ್ನೂ ಹುರುಳಿ ಹೊಟ್ಟು ಅಂಟಿತ್ತು. ಗಾಡಿ ಜಾರುತ್ತೆ ಎಂದು ನಾನು ಇಷ್ಟು ವರ್ಷ ಕೂಗಿ ಹೇಳಿದ್ದೆ. ಅವತ್ತು ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡೆ.

"ಇನ್ ರಸ್ತೆಗ್ ಆಕಕಿಲ್ಲ ಕಣ್ ಮಗಾ" ಎಂದಳು. ಅವಳು ನನ್ನನ್ನು ಮಗಾ ಎಂದು ಕರೆದದ್ದು ಅದೇ ಮೊದಲು.

ಹಾಕಲೂ ಇಲ್ಲ. ಊರಿನ ಹಳೆಯ ಕಣವಿದ್ದ ಜಾಗದಲ್ಲಿ ಬ್ಯಾರನ್ನುಗಳೆದ್ದು ಬಹಳ ಕಾಲವಾಗಿತ್ತು. ಎತ್ತು ಯಾರ ಮನೆಯಲ್ಲೂ ಇರಲಿಲ್ಲ. ಅವಳ ಹುರುಳಿ ಬಣವೆ ಹೊಲದಂಚಿನಲ್ಲೇ ನಿಂತು, ಮಳೆಗೆ ಸಿಕ್ಕಿ ಕಪ್ಪಾಗಿ ಕೊಳೆಯಿತು. ನಾನು ಜೀಪಿನಲ್ಲಿ ಹೋಗುವಾಗ ತಿರುವು ಚೊಕ್ಕಟವಾಗಿರುತ್ತಿತ್ತು. ಬಾವುಟ ಸೀಟಿನ ಕೆಳಗೆ ಬಿದ್ದಿರುತ್ತಿತ್ತು. ನಾನು ಬಯಸಿದ್ದು ಇದನ್ನೇ. ಆದರೂ ಆ ಬಣವೆ ಬಂದೊಡನೆ ಮುಖ ಆಚೆ ತಿರುಗಿಸುತ್ತಿದ್ದೆ. ಮರುವರ್ಷ ಅವಳು ಹುರುಳಿ ಬಿತ್ತಲೇ ಇಲ್ಲ.

ಆ ಹೊತ್ತಿಗೇ ನಮ್ಮ ರಸ್ತೆಗೆ ರಾಜ್ಯ ಹೆದ್ದಾರಿಯ ಪಟ್ಟ ಬಂತು! ಆ ಸುದ್ದಿ ಬಂದ ದಿನ ಆಫೀಸಿನಲ್ಲಿ ಮೈಸೂರು ಪಾಕು ಹಂಚಿದೆ. ಕಿಲೋಮೀಟರ್ ಕಲ್ಲುಗಳ ತಲೆಗೆಲ್ಲ ಹಸಿರು ಬಣ್ಣ. ನಾನು ಉರುಳಿಸಿದ್ದ ಕಲ್ಲಿಗೆ ನಾನೇ ಬ್ರಷ್ ಹಿಡಿದು ಬಳಿದೆ. ರಸ್ತೆ ಅಗಲವಾಗಬೇಕು, ಮೋರಿಗಳು ಹೊಸದಾಗಬೇಕು, ಡೊಂಕುಗಳು ನೆಟ್ಟಗಾಗಬೇಕು. ಸೋಗೆಕಟ್ಟೆಯಲ್ಲಿ ಹೊಸ ರಸ್ತೆಯ ಗೆರೆ ಎಳೆದರೆ ಅದು ನೇರವಾಗಿ ಚಿಕ್ಕತಾಯಮ್ಮನ ಹೊಲವನ್ನು ಸೀಳಿಕೊಂಡು ಹೋಗುತ್ತಿತ್ತು. ಅಳತೆಯವರು ಗುರುತಿನ ಕಲ್ಲು ನೆಟ್ಟರೆ ಅವಳು ಕಿತ್ತು ಕಟ್ಟೆಗೆ ಎಸೆದಳು. ಮತ್ತೆ ನೆಟ್ಟರು, ಮತ್ತೆ ಎಸೆದಳು. ಕೊನೆಗೆ ನಾನೇ ಹೋದೆ.

ಅವಳು ಮುದ್ದೆ ಹಾಕಿ ಹುರುಳಿಕಟ್ಟಿನ ಸಾರು ಬಡಿಸಿದಳು. "ಅಂಗಡಿ ಉಳ್ಳಿ ಕಣ್ ಮಗಾ, ರುಚಿ ಇಲ್ಲ" ಎಂದಳು. ಜೀವಮಾನವೆಲ್ಲ ಬೆಳೆದವಳು ಅಂಗಡಿಯಿಂದ ಹುರುಳಿ ತಂದಿದ್ದಳು.

"ಹೊಲ ಪೂರ್ತಿ ಹೋಗಲ್ಲ, ಒಂದು ಪಟ್ಟಿ ಮಾತ್ರ" ಎಂದೆ.

"ಒಲ ಓಯ್ತದೆ ಅಂತ ಅಳಾಕಿಲ್ಲ ನಾನು. ಕಣ ಇಲ್ದಿರ ಒಲ ಇಟ್ಕಂಡು ಏನ್ ಮಾಡ್ಲಿ? ಅದ್ಸರಿ, ನೀವು ನೆಟ್ಟಗೆ ಓದ್ರೆ ಈ ಡೊಂಕ್ ರಸ್ತೆ ಏನ್ ಮಾಡ್ತೀರಿ?"

"ಕಿತ್ತು ಹಾಕ್ತೀವಿ. ಬಿಟ್ರೆ ಯಾರಾದ್ರೂ ಶೆಡ್ಡು ಹಾಕ್ಕೋತಾರೆ."

ಅವಳು ಸೌಟು ಕೆಳಗಿಟ್ಟಳು. "ಕೀಳ್‌ಬ್ಯಾಡಿ. ಊರಿಗ್ ಬುಟ್ಬುಡಿ. ಒಲದ್ ಪಟ್ಟಿ ತಗಳಿ, ಡೊಂಕು ಕೊಡಿ. ನಮ್ಗೂ ಒಂದ್ ಕಣ ಆಯ್ತದೆ, ಯಾರ್ ಕಾಲೂ ಮುರ್ಯಕಿಲ್ಲ."

ನಾನು ಎಂಜಲು ಕೈಯಲ್ಲೇ ಎದ್ದು ನಿಂತೆ. ಇಷ್ಟು ಸುಲಭದ ಮಾತು ನನಗೆ ಯಾಕೆ ಹೊಳೆದಿರಲಿಲ್ಲ! ಆದರೆ ಆಫೀಸಿನಲ್ಲಿ ಅದು ಸುಲಭವಾಗಲಿಲ್ಲ. ಹಾಗೆ ಕೊಡುವ ಪದ್ಧತಿ ಇಲ್ಲ ಎಂದು ಒಬ್ಬರು, ಮೇಲಿನವರು ಒಪ್ಪುವುದಿಲ್ಲ ಎಂದು ಇನ್ನೊಬ್ಬರು. ಆ ಮೇಲಿನವರು ಯಾರು ಎಂದು ವಿಚಾರಿಸಿದರೆ, ಅಷ್ಟರಲ್ಲಿ ಮೈಸೂರಿನಲ್ಲಿ ಕೂತಿದ್ದ ನಮ್ಮ ರಂಗಸ್ವಾಮಿ ಸಾಹೇಬರೇ! ಚಿಕ್ಕತಾಯಮ್ಮನನ್ನು ಬಸ್ಸು ಹತ್ತಿಸಿಕೊಂಡು ಮೈಸೂರಿಗೆ ಹೊರಟೆ. ಸಾಹೇಬರ ಮೀಸೆ ಬೆಳ್ಳಗಾಗಿತ್ತು, ದನಿ ಹಾಗೇ ಇತ್ತು. "ಏನು, ಹುರುಳಿ ಹಾಕೋಕೆ ಹೆದ್ದಾರಿ ಬೇಕಾ?" ಎಂದು ಗುಡುಗಿದರು.

ಚಿಕ್ಕತಾಯಮ್ಮ ಕೈ ಮುಗಿದು, "ಯೆದ್ದಾರಿ ಬ್ಯಾಡಿ ಸಾಮಿ, ಅದು ನಿಮ್ಗೇ ಇರ್ಲಿ. ಎತ್ತುಗೋಳು ಮಾಡಿದ್ ದಾರಿ ಕೊಡಿ ಸಾಕು. ನಿಮ್ ಜೀಪ್‌ಗೆ ನೀರ್ ಉಯ್ದೋಳು ನಾನೇಯ, ನೆಪ್ಪೈತಾ?" ಎಂದಳು.

ಸಾಹೇಬರು ಅವಳನ್ನು ನೋಡಿದರು. ಆಮೇಲೆ ಕುರ್ಚಿಯಿಂದ ಎದ್ದು ಅವಳಿಗೆ ಕುರ್ಚಿ ಎಳೆದು ಹಾಕಿದರು. ಅವರು ಯಾರಿಗಾದರೂ ಕುರ್ಚಿ ಎಳೆದು ಹಾಕಿದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಪಂಚಾಯ್ತಿಗೆ ಬಿಟ್ಟುಕೊಡೋಣ, ಊರ ಕಣ ಅಂತ ಬರಿ ಗಿರಿಜಾ. ಯಾರು ಏನು ಕೇಳ್ತಾರೋ ನನ್ನ ಕೇಳಲಿ" ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ನಾವಿಬ್ಬರೂ ಕಡ್ಲೆಕಾಯಿ ತಿಂದು ಸಿಪ್ಪೆಯನ್ನೆಲ್ಲ ನನ್ನ ವ್ಯಾನಿಟಿ ಬ್ಯಾಗಿಗೆ ತುಂಬಿಕೊಂಡೆವು. ರಸ್ತೆಗೆ ಎಸೆಯಲು ಅವಳು ಬಿಡಲಿಲ್ಲ.

ಹೊಸ ರಸ್ತೆ ಆಯಿತು. ಬಾಣ ಬಿಟ್ಟ ಹಾಗೆ ನೇರ! ಆ ವರ್ಷ ಚಿಕ್ಕತಾಯಮ್ಮ ಮತ್ತೆ ಹುರುಳಿ ಬಿತ್ತಿದಳು. ಸುಗ್ಗಿಯ ಮೊದಲ ಬೆಳಿಗ್ಗೆ ನಾನು ಹೊಸ ಸೀರೆ ಉಟ್ಟು ಸೋಗೆಕಟ್ಟೆಗೆ ಹೋದೆ. ಹಳೇ ತಿರುವನ್ನು ಗುಡಿಸಿ, ಎರಡೂ ತುದಿಗೆ ಮಾವಿನ ತೋರಣ ಕಟ್ಟಿದ್ದರು. ಹುರುಳಿ ಹರಡಿ, ಅರಿಸಿನ ಕುಂಕುಮ ಹಾಕಿ, ಕಾಯಿ ಒಡೆದರು. ಊರೆಲ್ಲ ಸಾಲಾಗಿ ನಿಂತಿತು. ನಾನೂ ನಿಂತೆ.

ನಿಂತೇ ಇದ್ದೆವು.

ಹೊಸ ರಸ್ತೆಯಲ್ಲಿ ಬಸ್ಸು ಹೋಯಿತು, ಲಾರಿ ಹೋಯಿತು, ಟೆಂಪೊ ಹೋಯಿತು. ಎಲ್ಲವೂ ನೆಟ್ಟಗೆ, ಭರ್ರೆಂದು. ಹುರುಳಿ ತಣ್ಣಗೆ ಬಿಸಿಲು ಕಾಯಿಸುತ್ತಿತ್ತು. ಚಿಕ್ಕತಾಯಮ್ಮ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: "ಮಗಾ, ಗಾಡಿಗೋಳು ಎಲ್ಲಿ?"

ನಾನು ಹಣೆ ಚಚ್ಚಿಕೊಂಡೆ. ಅವಳು, ನಾನು, ಪಂಚಾಯ್ತಿಯವರು, ಮೈಸೂರಿನ ಸಾಹೇಬರು, ಯಾರೊಬ್ಬರಿಗೂ ಇದು ಹೊಳೆದಿರಲಿಲ್ಲ. ಕಣವೇನೋ ಸಿಕ್ಕಿತ್ತು, ತುಳಿಯುವ ಚಕ್ರಗಳನ್ನೆಲ್ಲ ನಾನೇ ಹೊಸ ರಸ್ತೆಗೆ ಕಳಿಸಿಬಿಟ್ಟಿದ್ದೆ! ನಿವೃತ್ತರಾಗಿ ನೋಡಲು ಬಂದಿದ್ದ ಬಾಷಾ ಸಾಬರು, "ಇಲಾಖೆ ರೋಲರ್ ತರಿಸ್ಲಾ ಬೇಟಿ?" ಎಂದರು. "ಕಾಳ್ನೆಲ್ಲ ಇಟ್ಟು ಮಾಡೀಯಾ? ಸುಮ್ಕಿರಪ್ಪ!" ಎಂದು ಚಿಕ್ಕತಾಯಮ್ಮ ಗದರಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಹೊಲದ ಪಟ್ಟಿ ಕೊಟ್ಟಾಗಿತ್ತು, ಹುರುಳಿ ಕಿತ್ತಾಗಿತ್ತು.

ನಾನು ಜೀಪಿಗೆ ಓಡಿದೆ. ಸೀಟಿನ ಕೆಳಗಿದ್ದ ಕೆಂಪು ಬಾವುಟ ಎಳೆದುಕೊಂಡೆ. ಸೀರೆ ಎತ್ತಿಕಟ್ಟಿ, ವೀರನಹೊಸಹಳ್ಳಿಯ ಆನೆಯೇ ಬೆನ್ನಟ್ಟಿದ ಹಾಗೆ ಓಡಿ, ನನ್ನದೇ ಹೆದ್ದಾರಿಯ ನಟ್ಟನಡುವೆ ನಿಂತು ಬಾವುಟ ಬೀಸಿದೆ. ಕೋಟೆ ಬಸ್ಸು ಕಿರ್ರೆಂದು ನಿಂತಿತು.

"ಏನ್ ಮೇಡಂ? ಮೊನ್ನೆ ತಾನೇ ಮಾಡಿದ್ ರಸ್ತೆ, ಆಗ್ಲೇ ಕಿತ್ತೋಯ್ತಾ?" ಎಂದ ಡ್ರೈವರ್.

"ರಸ್ತೆ ಚೆನ್ನಾಗೇ ಇದೆ ಕಣಪ್ಪ! ಹಳೇ ತಿರುವಲ್ಲಿ ಬಳಸ್ಕೊಂಡು ಹೋಗು, ಮೆಲ್ಲಗೆ. ಹುರುಳಿ ಹಾಕಿದೀವಿ!"

ಅವನು ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ತೋರಣ ನೋಡಿದ, ಸಾಲಾಗಿ ನಿಂತ ಊರನ್ನು ನೋಡಿದ. "ಅಷ್ಟೇಯಾ? ನಮ್ಮೂರಲ್ಲೂ ಹಿಂಗೇಯ" ಎಂದು ಸ್ಟೇರಿಂಗ್ ತಿರುಗಿಸಿದ. ಬಸ್ಸು ತೋರಣದ ಕೆಳಗೆ ನುಗ್ಗಿ, ಕಟ್ಟೆ ಬಳಸಿ, ಚಟಪಟ ಚಟಪಟ ಎಂದು ಹುರುಳಿ ತುಳಿಯುತ್ತ ಹೊರಟಿತು. ಪ್ರಯಾಣಿಕರು ಕಿಟಕಿಯಿಂದ ತಲೆ ಹಾಕಿ ಕೂಗಿದರು, ಊರು ಕೂಗಿತು, ನಾನು ರಸ್ತೆಯಲ್ಲೇ ಕುಣಿದೆ. ಹಿಂದೆ ಬಂದ ಲಾರಿಯನ್ನೂ ತಿರುಗಿಸಿದೆ. ಅದರ ಹಿಂದೆ ಬಿಳಿ ಕಾರೊಂದು ಬಂತು. ಕಿಟಕಿ ಇಳಿಯಿತು, ಒಳಗೆ ಬೆಳ್ಳಗಿನ ಮೀಸೆ.

"ಗಿರಿಜಾ! ಹೊಸ ಹೆದ್ದಾರಿ ನೋಡೋಣ ಅಂತ ಬಂದ್ರೆ ಡೈವರ್ಷನ್ ಇಟ್ಟಿದೀಯಾ?"

"ಕಣಕ್ಕೆ ಗಾಡಿ ಬೇಕಾಗಿತ್ತು ಸಾರ್. ನಾವ್ಯಾರೂ ಯೋಚನೆ ಮಾಡಿರ್ಲಿಲ್ಲ."

ಸಾಹೇಬರು ಮೀಸೆ ತಿರುವಿ, ತಿರುವಿನ ಕಡೆ ಅನುಮಾನದಿಂದ ನೋಡಿದರು. ಅಲ್ಲಿ ಚಿಕ್ಕತಾಯಮ್ಮ ಬಿಂದಿಗೆ ಎತ್ತಿ ತೋರಿಸುತ್ತಿದ್ದಳು. "ಎದ್ರುಬ್ಯಾಡಿ ಬನ್ನಿ ಸಾಮಿ! ನೀರ್ ಮಡಗಿವ್ನಿ!" ಎಂದು ಕೂಗಿದಳು. ಸಾಹೇಬರು ಗಹಗಹಿಸಿ ನಕ್ಕು ಡ್ರೈವರಿನ ಭುಜ ತಟ್ಟಿದರು. ಬಿಳಿ ಕಾರು ಹುರುಳಿಯ ಮೇಲೆ ಮದುವೆ ದಿಬ್ಬಣದ ಹಾಗೆ ಸಾವಕಾಶವಾಗಿ ಹೊರಟಿತು.

ಅವತ್ತಿನಿಂದ ಅದೇ ರೂಢಿಯಾಯಿತು. ಸುಗ್ಗಿಯಲ್ಲಿ ತೋರಣ ಕಂಡರೆ ಗೊತ್ತಿದ್ದ ಡ್ರೈವರುಗಳು ತಾವಾಗಿಯೇ ಬಳಸಿಕೊಂಡು ಹೋಗುತ್ತಾರೆ. ಅವಸರವಿದ್ದವರು ನೇರ ಹೋಗುತ್ತಾರೆ. ಈಗ ಒಕ್ಕುವ ಯಂತ್ರ ಬಾಡಿಗೆಗೆ ಸಿಗುತ್ತದೆ, ಊರಿನ ಎಷ್ಟೋ ಜನ ಅದನ್ನೇ ತರಿಸುತ್ತಾರೆ. ಚಿಕ್ಕತಾಯಮ್ಮ ಮಾತ್ರ ಒಪ್ಪಿಲ್ಲ. ಹುರುಳಿ ಹಾಕಿದ ದಿನ ನನಗೆ ಫೋನು ಬರುತ್ತದೆ. ನಾನು ನಿವೃತ್ತಳಾದ ಮೇಲೆ ಕಾರು ಕಲಿತದ್ದು ಅದಕ್ಕೇ ಎಂದರೂ ತಪ್ಪಲ್ಲ.

ಈ ಸಲವೂ ಹೋಗಿದ್ದೆ. ಅವಳಿಗೆ ಬೆನ್ನು ಬಾಗಿದೆ, ಮೊರ ಮಾತ್ರ ಕೈ ಬಿಟ್ಟಿಲ್ಲ. ಅಳಿಯ ಸ್ವಲ್ಪ ಕುಂಟುತ್ತಲೇ ಹುರುಳಿ ಹರಡಿಕೊಟ್ಟ. ನಾನು ಅದರ ಮೇಲೆ ಕಾರಿನಲ್ಲಿ ಸುತ್ತು ಹೊಡೆದೆ, ಮತ್ತೆ ಹೊಡೆದೆ, ಮತ್ತೂ ಹೊಡೆದೆ. ಆಚೆ ನಾನು ಮಾಡಿಸಿದ ಹೆದ್ದಾರಿಯಲ್ಲಿ ಗಾಡಿಗಳು ರೊಯ್ಯನೆ ಹೋಗುತ್ತಿದ್ದವು. ಸಾಕಲ್ಲ ಎಂದು ನಿಲ್ಲಿಸಿ ಇಳಿಯಲು ಬಾಗಿಲು ತೆರೆದೆ. ಅವಳು ಬಗ್ಗಿ ಒಂದು ಕಾಯಿ ಎತ್ತಿ, ಬೆರಳಲ್ಲಿ ಒತ್ತಿ ನೋಡಿ, ಬಾನೆಟ್ಟಿಗೆ ಮೊರದಿಂದ ಬಡಿದಳು.

"ಆವತ್ತು ತಗೀರಿ ತಗೀರಿ ಅಂತ ಬಾವುಟ ಇಡ್ಕಂಡ್ ಬತ್ತಿದ್ದಲ್ಲ, ಈಗೆಲ್ಲಿಗ್ ಇಳೀತೀಯೆ? ಇನ್ನೂ ಒಡ್ದಿಲ್ಲ. ಓಗು ಮಗಾ, ಇನ್ನೊಂದ್ ಸುತ್ತು ಬಾ."

ನಾನು ಬಾಗಿಲು ಹಾಕಿಕೊಂಡು ಗೇರು ಹಾಕಿದೆ.